ಇಸ್ತಾಂಬುಲ್‌ನಲ್ಲಿ ಹಿಂಡಿ ಕೇಳಿದ್ದು

ಸೇಡಂನಲ್ಲಿ ನಮ್ಮ ಮನೆಯವರದು ಸಿಮೆಂಟು, ಕಬ್ಬಿಣದ ಅಂಗಡಿ. ನನ್ನ ಗಂಡ ಮತ್ತು ಭಾವ ಕೂಡಿ ನಡೆಸುತ್ತಾರೆ. ಒಂದು ವರ್ಷ ಚೀಲಗಳು ಚೆನ್ನಾಗಿ ಖರ್ಚಾದವೆಂದು ಸಿಮೆಂಟು ಕಂಪನಿಯವರು ಇಬ್ಬರಿಗೆ ಇಸ್ತಾಂಬುಲ್ ಪ್ರವಾಸದ ಟಿಕೆಟು ಕೊಟ್ಟರು. ಅಣ್ಣತಮ್ಮ ಇಬ್ಬರೂ ಹೋದರೆ ಅಂಗಡಿ ಮುಚ್ಚಬೇಕು. ಒಬ್ಬರೇ ಹೋದರೆ ಇನ್ನೊಬ್ಬರಿಗೆ ಬೇಸರ. "ನೀ ಹೋಗು", "ಬ್ಯಾಡಣ್ಣ, ನೀನೇ ಹೋಗು" ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟು, ಕಡೆಗೆ ಮಾತು ಬಿಡುವ ಹಂತಕ್ಕೆ ಬಂದರು. ಆಗ ನಮ್ಮ ಅತ್ತೆ ಒಳಗಿನಿಂದಲೇ ಕೂಗಿ ಹೇಳಿದರು: "ಇಬ್ಬರೂ ಸುಮ್ಮ ಕೂಡ್ರಿ. ಹೆಣ್ಮಕ್ಕಳು ಹೋಗಿ ಬರ್ಲಿ."

ಹಾಗೆ ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಹೈದರಾಬಾದಿನಿಂದ ವಿಮಾನ ಹತ್ತಿದೆವು. ನಾನು ಆಕೆಯನ್ನು ಅಕ್ಕ ಎನ್ನುತ್ತೇನೆ. ಸುಲೇಪೇಟದ ಮಗಳು, ಅಲ್ಲಿಯ ಸಂತೆಯಲ್ಲಿ ಬೆಳೆದವಳು. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದೂ ನಾವಿಬ್ಬರು ಹಾಲು ಉಕ್ಕಿತು, ನಳ ಬಂತು ಎಂಬುದರ ಆಚೆ ಹೆಚ್ಚು ಮಾತಾಡಿದವರಲ್ಲ.

ತಂಡದಲ್ಲಿ ಉಳಿದವರೆಲ್ಲ ಸಿಮೆಂಟು ಮಾರುವವರೇ. ಮೊದಲ ದಿನ ನಮ್ಮನ್ನು ಒಂದು ದೊಡ್ಡ ಗುಮ್ಮಟದ ಹಳೆಯ ಕಟ್ಟಡಕ್ಕೆ ಕರೆದುಕೊಂಡು ಹೋದರು. ಜಗತ್ತಿನ ಜನ ತಲೆಯೆತ್ತಿ ಗುಮ್ಮಟ ನೋಡುತ್ತಿದ್ದರೆ ನಮ್ಮವರು ಗೋಡೆ ತಟ್ಟುತ್ತಿದ್ದರು. "ಇದಕ್ಕ ಎಷ್ಟು ಚೀಲ ಹೋಗಿರಬೇಕ್ರಿ?" ಎಂದು ಚಿತ್ತಾಪುರದವರೊಬ್ಬರು ಗೈಡನ್ನು ಕೇಳಿದರು. ಆ ಕಾಲದಲ್ಲಿ ಸಿಮೆಂಟೇ ಇರಲಿಲ್ಲ ಎಂದು ಅವನು ಹಿಂದಿಯಲ್ಲಿ ಹೇಳಿದಾಗ ಗೋಡೆ ತಟ್ಟುತ್ತಿದ್ದ ಕೈಗಳೆಲ್ಲ ಕೆಳಗಿಳಿದವು. ಶಹಾಬಾದಿನ ಕಲ್ಲಿನ ವ್ಯಾಪಾರಿ ಒಬ್ಬರು ಮಾತ್ರ ನೆಲವನ್ನು ಪಾದದಿಂದ ಉಜ್ಜಿ, "ಪಾಲಿಶ್ ಬರಾಬರ್ ಇಲ್ಲ" ಎಂದು ಸಮಾಧಾನ ಪಟ್ಟುಕೊಂಡರು.

ಅಕ್ಕ ನನ್ನ ಸೆರಗು ಜಗ್ಗಿದಳು. "ಗೋಡಿ ನೋಡಲಿಕ್ಕ ಇಷ್ಟು ದೂರ ಬರಬೇಕಾ? ನಡಿ, ಬಜಾರಕ್ಕ ಹೋಗಮು."

ಬಸ್ಸು ಹೊರಡುವ ಹೊತ್ತಿಗೆ ಬರುತ್ತೇವೆಂದು ಗೈಡಿಗೆ ಹೇಳಿ ಹೊರಟೆವು. ದಾರಿ ಕೇಳಲು ನನ್ನ ಫೋನಿನಲ್ಲಿ ಅನುವಾದ ಮಾಡುವ ಆ್ಯಪ್ ಇತ್ತು. ಆದರೆ ಅದಕ್ಕೆ ಟೀವಿಯಲ್ಲಿ ವಾರ್ತೆ ಓದುವವರ ಕನ್ನಡ ಮಾತ್ರ ತಿಳಿಯುತ್ತಿತ್ತು. ಅಕ್ಕ ಅದರ ಮುಂದೆ ಬಾಯಿಟ್ಟು, "ಬಜಾರ ಎಲ್ಲದ ಹೇಳಪಾ" ಎಂದರೆ ಅದು ತುಸು ಯೋಚಿಸಿ ಸುಮ್ಮನಾಗುತ್ತಿತ್ತು. "ನಿನ್ನ ಫೋನಿಗಿ ಸೊಕ್ಕು ಭಾಳ ಅದ" ಎಂದು ಅಕ್ಕ ಅದನ್ನು ಕೈಬಿಟ್ಟಳು.

ಅಷ್ಟರಲ್ಲಿ ಎದುರಿನ ಅಂಗಡಿಯವನು ಯಾರಿಗೋ 'ದುಕ್ಕಾನ್' ಎಂದದ್ದು, ಇನ್ನೊಬ್ಬ 'ಚಾಯ್' ಎಂದು ಕೂಗಿದ್ದು ಅವಳ ಕಿವಿಗೆ ಬಿತ್ತು. ಅಕ್ಕನ ಮುಖ ಅರಳಿತು. "ಏ ತಂಗಿ, ಇವರು ನಮ್ಮ ಮಾತೇ ಆಡ್ಲಿಕತ್ತಾರ! ನೀ ಸುಮ್ಮ ಇರು. ನಾ ಮಾತಾಡ್ತೀನಿ."

ಮೊದಲು ಬಟ್ಟೆ ಅಂಗಡಿ. ದಪ್ಪ ಮೀಸೆಯ ಮಾಲೀಕ ನಗುತ್ತ ಎದ್ದು ನಿಂತ. ಅಕ್ಕ ತನ್ನ ಸೀರೆಯ ಹಸಿರು ಅಂಚು ತೋರಿಸಿ, "ಅಣ್ಣಾ, ಈ ಬಣ್ಣದಾಗ ಕುಬಸದ ಖಣ ಅದಾ?" ಎಂದಳು.

ಅವನು ಬೆಚ್ಚಿ ಹಿಂದೆ ಮುಂದೆ ನೋಡಿದ. ಅವರ ಭಾಷೆಯಲ್ಲಿ 'ಅನ್ನೆ' ಎಂದರೆ ಅಮ್ಮ ಎಂದು ಗೈಡು ಆಮೇಲೆ ನಮಗೆ ಹೇಳಿದ. ಆದರೆ ಆ ಹೊತ್ತಿಗೆ ಅಕ್ಕ ಆ ಮೀಸೆಯವನನ್ನು ನಾಲ್ಕಾರು ಸಲ ಪ್ರೀತಿಯಿಂದ ಅಮ್ಮಾ ಎಂದು ಕರೆದಾಗಿತ್ತು.

ಅವನು ಅಂಚು ಮುಟ್ಟಿ ನೋಡಿ, ತಲೆಯಾಡಿಸಿ, "ಯೋಕ್" ಎಂದ. ಇಲ್ಲ ಎಂದರ್ಥ. ಅಕ್ಕನಿಗೆ ಅದು 'ಯಾಕ' ಎಂದು ಕೇಳಿಸಿತು.

"ಯಾಕಂದ್ರ ನಮ್ಮ ತಮ್ಮನ ಮಗಳ ಲಗ್ನ ಅದರಿ, ಕೊಡ್ಲಿ ಊರಾಗ. ಸೀರಿ ಸಿಕ್ಕದ, ಖಣ ಸಿಕ್ಕಿಲ್ಲ."

"ಯೋಕ್, ಯೋಕ್."

"ಯಾಕ ಸಿಕ್ಕಿಲ್ಲಂದ್ರ, ಕಲಬುರಗಿದಾಗ ಎಲ್ಲಾ ಹುಡುಕೀನ್ರಿ. ಬಣ್ಣ ಕೂಡಲ್ಲ."

ಅವನು ಯೋಕ್ ಎಂದಷ್ಟೂ ಅಕ್ಕ ಕಾರಣ ವಿವರಿಸುತ್ತ ಹೋದಳು. ಲಗ್ನದಿಂದ ಬೀಗರಿಗೆ, ಬೀಗರಿಂದ ಅವರ ಹಳೆಯ ಜಗಳಕ್ಕೆ ಬಂದಾಗ ಅವಳ ಕಣ್ಣು ತುಂಬಿತ್ತು. ಮೀಸೆಯವನಿಗೆ ಏನನಿಸಿತೋ, ಒಂದು ಸ್ಟೂಲು ಎಳೆದು ಕೂಡಿಸಿ ಚಹಾ ತರಿಸಿಕೊಟ್ಟ. ಕುಡಿದು ಹೊರಬಂದ ಮೇಲೆ ಅಕ್ಕ ಹೇಳಿದಳು: "ಛಲೋ ಮನಷ. ಏನು ಕೊಡಲಿಲ್ಲ, ಖರೆ, ಎಲ್ಲಾ ಕೇಳಿದ."

ಪಕ್ಕದಲ್ಲಿ ಒಣಹಣ್ಣಿನ ಅಂಗಡಿ. "ಬಾದಾಮ್" ಎಂದಳು ಅಕ್ಕ. "ಬಾದೆಮ್!" ಎಂದ ಅಂಗಡಿಯವ. "ತಾಜಾ?" ಎಂದಳು. "ತಾಜೆ, ತಾಜೆ!" ಎಂದ. ಕಳೆದುಹೋದ ನೆಂಟರು ಜಾತ್ರೆಯಲ್ಲಿ ಸಿಕ್ಕವರ ಹಾಗೆ ಇಬ್ಬರೂ ನಕ್ಕರು. ಅವನು ಒಂದು ಸಲಿಕೆ ಬಾದಾಮಿಯನ್ನು ಚೀಲಕ್ಕೆ ಹಾಕಿ, "ತಮಾಮ್?" ಎಂದು ಕೇಳಿದ. ಸಾಕಾ, ಸರಿಯಾ ಎಂದು ಅವನ ಅರ್ಥ. ನಮ್ಮ ಕಡೆ ತಮಾಮ್ ಎಂದರೆ ಇದ್ದದ್ದೆಲ್ಲ.

ಅಕ್ಕ ಗಾಬರಿಯಾದಳು. "ತಮಾಮ್ ಬ್ಯಾಡ! ಅರ್ಧಾ ಕಿಲೋ."

ಅವನಿಗೆ ತಿಳಿದದ್ದು ತಮಾಮ್ ಮತ್ತು ಕಿಲೋ. ಇನ್ನೊಂದು ಸಲಿಕೆ ಬಿತ್ತು. "ತಮಾಮ್?"

"ಅಯ್ಯ, ತಮಾಮ್ ಬ್ಯಾಡ ಅಂದ್ನಲ್ಲೋ!"

ಮತ್ತೊಂದು ಬಿತ್ತು. ಅಕ್ಕ ಎರಡೂ ಕೈ ಬೀಸಿದಳು. ಅವನು ಅದನ್ನು ದೊಡ್ಡ ಚೀಲ ಬೇಕು ಎಂದು ತಿಳಿದ. ನಾನು ನಡುವೆ ಹೋಗಿ ಬಿಡಿಸಬೇಕಾಗಿತ್ತು. ಆದರೆ ನಗು ತಡೆಯಲಾಗದೆ ಕಂಬ ಹಿಡಿದು ನಿಂತಿದ್ದೆ. ಕಡೆಗೆ ಮಗುವಿನಷ್ಟು ಭಾರದ ಬಾದಾಮಿ ಹೊತ್ತು ಹೊರಬಂದೆವು. ಅದನ್ನು ನನ್ನ ಹೆಗಲಚೀಲಕ್ಕೆ ತುರುಕಿದೆವು.

ಹೊತ್ತು ಏರಿತ್ತು, ಹಸಿವಾಗಿತ್ತು. ಒಂದು ಸಣ್ಣ ಹೋಟೆಲಿನಲ್ಲಿ ಕೂತೆವು. ನಾವು ಲಿಂಗ ಕಟ್ಟಿಕೊಂಡವರು, ಮಾಂಸ ಮುಟ್ಟುವವರಲ್ಲ. ಅಲ್ಲಿ ಕೊಟ್ಟ ಬ್ರೆಡ್ಡಿಗೆ ಮನೆಯಿಂದ ತಂದ ಶೇಂಗಾದ ಚಟ್ನಿಪುಡಿ ಹಚ್ಚಿಕೊಂಡರಾಯಿತು ಎಂದು ಅಕ್ಕನ ಲೆಕ್ಕ. ನಮ್ಮ ಕಡೆ ಅದಕ್ಕೆ ಹಿಂಡಿ ಎನ್ನುತ್ತೇವೆ. ಡಬ್ಬಿ ನನ್ನ ಚೀಲದ ತಳದಲ್ಲಿ, ಬಾದಾಮಿಯ ಕೆಳಗೆ ಸಿಕ್ಕಿಬಿದ್ದಿತ್ತು.

"ಹಿಂಡಿ ಎಲ್ಲದ?" ಎಂದಳು ಅಕ್ಕ.

"ಹುಡುಕ್ಲಿಕತ್ತೀನಿ ತಡಿ."

"ಹಿಂಡಿ! ಹಿಂಡಿ ತೆಗಿ ಲಗೂ!"

ಹೋಟೆಲಿನವನು ಓಡಿ ಬಂದ. "ಹಿಂದಿ?" ಎಂದ ಸಂತೋಷದಿಂದ.

"ಹೌದಪಾ, ಹಿಂಡಿ," ಎಂದಳು ಅಕ್ಕ.

ನಾನು ಡಬ್ಬಿ ಹೊರತೆಗೆಯುವುದಕ್ಕೂ ಅವನು ದೊಡ್ಡ ತಟ್ಟೆ ತಂದಿಡುವುದಕ್ಕೂ ಸರಿಹೋಯಿತು. ತಟ್ಟೆಯಲ್ಲಿ ನಮ್ಮೂರ ಕೋಳಿಗಿಂತ ಎಷ್ಟೋ ದೊಡ್ಡದಾದ ಹಕ್ಕಿಯೊಂದರ ಕಾಲು ಹೊಗೆಯಾಡುತ್ತಿತ್ತು. ಅಕ್ಕ "ಶಿವ ಶಿವಾ" ಎಂದು ಕುರ್ಚಿಯೊಂದಿಗೇ ಹಿಂದೆ ಸರಿದಳು. ನಾನು ಫೋನಿಗೆ ವಾರ್ತೆಯವರ ಧಾಟಿಯಲ್ಲಿ, "ನಾವು ಮಾಂಸವನ್ನು ಸೇವಿಸುವುದಿಲ್ಲ" ಎಂದೆ. ಅವನು ಕೇಳಿಸಿಕೊಂಡು ಮರುಗಿ ಫೋನಿಗೆ ಏನೋ ಹೇಳಿದ. ಫೋನು ಕನ್ನಡದಲ್ಲಿ, "ಚಿಂತಿಸಬೇಡಿ, ಇದು ಮಾಂಸವಲ್ಲ, ಹಕ್ಕಿ" ಎಂದಿತು.

ಹಕ್ಕಿಯೂ ಬೇಡವೆಂದು ತಿಳಿಸುವಷ್ಟರಲ್ಲಿ ನನಗೆ ಬೆವರಿಳಿಯಿತು. ಪುಣ್ಯಾತ್ಮ, ತಟ್ಟೆ ಪಕ್ಕಕ್ಕಿಟ್ಟು ಬೇಳೆಯ ಸಾರು ತಂದ. ಅಕ್ಕ ಡಬ್ಬಿ ತೆರೆದು ಅದರ ಮೇಲೆ ಪುಡಿ ಉದುರಿಸಿಕೊಂಡಳು. ಕೆಂಪಗಿರುವುದು ಏನೆಂದು ಅವನು ಕೈಸನ್ನೆಯಲ್ಲಿ ಕೇಳಿದ.

"ಇದೇ ನೋಡಪಾ, ಹಿಂಡಿ!" ಎಂದು ಅಕ್ಕ ಅವನ ಅಂಗೈಗೆ ಒಂದು ಚಿಟಿಕೆ ಹಾಕಿದಳು.

ಅವನು ನೆಕ್ಕಿದ. ಹಕ್ಕಿಯ ಕಾಲನ್ನು ನೋಡಿದ. ಪುಡಿಯನ್ನು ನೋಡಿದ. ಮತ್ತೆ ಕಾಲನ್ನು ನೋಡಿದ. ಅಡುಗೆಯವನನ್ನು ಕರೆದ. ಇಬ್ಬರೂ ಮೂಸಿದರು, ಕೆಮ್ಮಿದರು, ಕಣ್ಣೊರೆಸಿಕೊಂಡು ಪಿಸುಗುಟ್ಟಿದರು. ಆಮೇಲೆ ಅಡುಗೆಯವನು ಬಹಳ ಗೌರವದಿಂದ ಫೋನಿಗೆ ಬಾಗಿ ಮಾತಾಡಿದ. ಫೋನು ಹೇಳಿತು: "ಇಷ್ಟು ದೊಡ್ಡ ಹಕ್ಕಿಯನ್ನು ನೀವು ಇಷ್ಟು ನುಣ್ಣಗೆ ಹೇಗೆ ಪುಡಿ ಮಾಡಿದಿರಿ?"

ಬಸ್ಸಿಗೆ ತಡವಾಗಿ ಹೋಗಿ ಗೈಡಿನ ಹತ್ತಿರ ಬೈಸಿಕೊಂಡೆವು. ಕತೆ ಕೇಳಿದ ಮೇಲೆ ಅವನೂ ನಕ್ಕ. ಆ ಹಕ್ಕಿ ಹಿಂದೂಸ್ಥಾನದಿಂದ ಬಂದದ್ದೆಂದು ಹಿಂದಿನವರು ತಿಳಿದು ಅದಕ್ಕೆ 'ಹಿಂದಿ' ಎಂದು ಹೆಸರಿಟ್ಟರಂತೆ. ಅಕ್ಕನಿಗೆ ಸಿಟ್ಟು ಬಂತು. "ಒಂದು ದೇಶದ ಹೆಸರು ಹಿಡಿದು ಕೋಳಿಗಿ ಇಡ್ತಾರಾ?" ಎಂದು ಗೊಣಗುತ್ತ ಕಿಟಕಿಗೆ ಒರಗಿದಳು. ತುಸು ಹೊತ್ತಿಗೆ ಅವಳ ಭುಜ ಕುಣಿಯಲು ಶುರುವಾಯಿತು. ನನ್ನದೂ. ಸಮುದ್ರದ ಮೇಲಿನ ಸೇತುವೆ ಯಾವಾಗ ಬಂತು, ಯಾವಾಗ ಹೋಯಿತು, ನಾವು ನೋಡಲಿಲ್ಲ. ಒಬ್ಬರ ಹೆಗಲಿಗೆ ಒಬ್ಬರು ಬಿದ್ದು ಕಣ್ಣೀರು ಬರುವಂತೆ ನಗುತ್ತಿದ್ದೆವು.

ಊರಿಗೆ ಬಂದ ಮೇಲೆ ಭಾವ ಕೇಳಿದರು, "ಭಾಷಿ ಬರಲಾರದೆ ಭಾಳ ತ್ರಾಸ ಆಯ್ತೇನು?"

ಅಕ್ಕ ಚಪ್ಪಲಿ ಬಿಡುತ್ತ ಹೇಳಿದಳು: "ನಮಗೇನು ತ್ರಾಸಿಲ್ಲ. ಅವರ ಭಾಷಿ ನಮಗ ಬರ್ತದ. ಅವರಿಗೇ ಸರಿಯಾಗಿ ಬರಲ್ಲ."