ತೂಕದ ಸಾಲಿನಲ್ಲಿ ಬಾಳೆಹಣ್ಣು

ಐವರ್ನಾಡಿನ ವಾರಿಜಾಕ್ಷಿ ಹಗ್ಗದ ಕೊನೆಯಲ್ಲಿ ಬಂದು ನಿಂತರೆ ಸಾಕು, ಎದುರಿನ ತಂಡದವರ ಮುಖ ಸಣ್ಣಗಾಗುತ್ತದೆ. ಹಗ್ಗವನ್ನು ಹೆಗಲಿಗೆ ಸುತ್ತಿ ಕಾಲು ಊರಿದಳೆಂದರೆ ಅವಳನ್ನು ಅಲುಗಿಸುವುದು ಯಾರಪ್ಪನಿಂದಲೂ ಆಗದ ಕೆಲಸ. ನಲವತ್ತೊಂದರ ಪ್ರಾಯ, ದಿನಕ್ಕೆ ಮುನ್ನೂರು ರಬ್ಬರ್ ಮರಗಳ ತೊಗಟೆ ಕೆತ್ತಿ ಟ್ಯಾಪಿಂಗ್ ಮಾಡುವ ಕೈ. ಜೊತೆಗೆ ಹದಿನೇಳು ವರ್ಷಗಳಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಸೂಜಿ. ಈ ಕೊನೆಯ ಸಂಗತಿಯನ್ನು ಅವಳು ತಂಡದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹಗ್ಗ ಮುಟ್ಟಲು ಬಿಡುವುದಿಲ್ಲ ಎಂಬ ಹೆದರಿಕೆ. ನಮ್ಮ ಊರುಗಳಲ್ಲಿ ಒಂದು ಗುಟ್ಟನ್ನು ಅಷ್ಟು ಕಾಲ ಕಾಪಾಡಿದ್ದಕ್ಕೇ ಅವಳಿಗೊಂದು ಬಹುಮಾನ ಕೊಡಬಹುದಿತ್ತು.

ಹೆಂಗಸರ ಹಗ್ಗಜಗ್ಗಾಟಕ್ಕೆ ಒಂದು ಲೆಕ್ಕ ಉಂಟು. ಏಳು ಮಂದಿಯ ಒಟ್ಟು ತೂಕ ನಾನೂರ ಇಪ್ಪತ್ತು ಕಿಲೋ ಮೀರುವಂತಿಲ್ಲ. ಆದ್ದರಿಂದ ತೂಕ ಆಗುವವರೆಗೆ ಹನಿ ನೀರೂ ಮುಟ್ಟದೆ ನಿಲ್ಲುವುದು ಎಲ್ಲ ತಂಡಗಳ ಪದ್ಧತಿ. ಕಳೆದ ವರ್ಷ ವಾರಿಜಾಕ್ಷಿ ಎಂದಿನಂತೆ ಸೂಜಿ ಚುಚ್ಚಿಕೊಂಡಳು, ಎಲ್ಲರಂತೆ ಉಪವಾಸವೂ ನಿಂತಳು. ಸಾಲಿನಲ್ಲಿ ರಕ್ತದ ಸಕ್ಕರೆ ಇಳಿದು ಮೈ ಬೆವರಿತು, ಕೈ ನಡುಗಿತು. ತೂಕದ ಮೆಶಿನ್ ಹತ್ತಿದವಳು ಅದರ ಮೇಲೆಯೇ ಕುಸಿದುಬಿದ್ದಳು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಎದುರಿಗೆ ತಂಡದ ಕ್ಯಾಪ್ಟನ್ ಪೂವಮ್ಮ ಕೂತಿದ್ದಳು. ಎಲ್ಲರಿಗೂ ಅವಳು ಪೂವಕ್ಕ.

"ಎಂತ ಮಾರಾಯ್ತಿ ಇದು? ಒಂದು ಮಾತು ಹೇಳ್ಲಿಕ್ಕೆ ಎಂತಾಗಿತ್ತು ನಿಂಗೆ?" ಎಂದು ಗದರಿದಳು. ಗದರುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಎಪ್ಪತ್ತೆರಡು ಕಿಲೋ ಇದ್ದಿ. ಬರುವ ವರ್ಷ ಅರುವತ್ತೇಳಕ್ಕೆ ಬಂದ್ರೆ ಜಾಗ ಉಂಟು. ಆದ್ರೆ ಇನ್ನೊಮ್ಮೆ ಬಿದ್ರೆ ಹಗ್ಗದ ಸುದ್ದಿ ಎತ್ತುದು ಬೇಡ."

ಐದು ಕಿಲೋ ಇಳಿಸಬೇಕು, ಬೀಳಲೂ ಬಾರದು. ವಾರಿಜಾಕ್ಷಿ ನೇರ ಸುಳ್ಯದ ಡಾಕ್ಟರ ಹತ್ತಿರ ಹೋದಳು.

"ಸೂಜಿ ಸ್ವಲ್ಪ ಕಡಿಮೆ ಮಾಡಿದ್ರೆ ಬೇಗ ತೂಕ ಇಳಿದು ಸಪುರ ಆಗ್ತದಂತೆ, ಹೌದಾ ಸಾರ್?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಸಪುರ ಆಗುದು ಹೌದು. ಆಮೇಲೆ ಐಸಿಯುನಲ್ಲಿ ಮಲಗುದು. ಆ ಮಾತು ಇನ್ನು ಎತ್ತಬೇಡಿ. ಈಗ ಹೇಳಿ, ತೋಟದಲ್ಲಿ ಎಂತ ತಿಂತೀರಿ?"

ಅಲ್ಲಿ ಅವಳ ಬಂಡವಾಳ ಬಯಲಾಯಿತು. ಒಂಟಿಯಾಗಿ ಗುಡ್ಡೆಯಲ್ಲಿ ತಲೆ ತಿರುಗಿ ಬಿದ್ದರೆ ಎಂಬ ಭಯಕ್ಕೆ ಅವಳು ಇಪ್ಪತ್ತು ಮರಕ್ಕೊಮ್ಮೆ ಬಿಸ್ಕೆಟು ತಿನ್ನುತ್ತಿದ್ದಳು, ಮೂರು ಸಲ ಸಿಹಿ ಚಹಾ ಕುಡಿಯುತ್ತಿದ್ದಳು. ಅಷ್ಟು ಬೆವರು ಸುರಿಸಿಯೂ ತೂಕ ಏರಿದ್ದು ಹಾಗೆ.

ಡಾಕ್ಟರು ಎರಡು ವಾರದ ಸಕ್ಕರೆಯ ಲೆಕ್ಕ ಬರೆದು ತರಲು ಹೇಳಿದರು. ಅದನ್ನು ನೋಡಿ ಟ್ಯಾಪಿಂಗಿನ ದಿನಕ್ಕೆ ಬೆಳಗಿನ ಇನ್ಸುಲಿನ್ ಎಷ್ಟು, ಹಗ್ಗದ ಅಭ್ಯಾಸದ ಸಂಜೆಗೆ ಎಷ್ಟು ಎಂದು ಬೇರೆ ಬೇರೆ ಬರೆದುಕೊಟ್ಟರು. ಸಕ್ಕರೆ ಇಳಿಯುವುದು ನಿಂತಿತು, ಭಯ ಹೋಯಿತು, ಭಯದ ಹಿಂದೆಯೇ ಬಿಸ್ಕೆಟೂ ಹೋಯಿತು. ಅಭ್ಯಾಸಕ್ಕೆ ಮೊದಲು ಬೆರಳು ಚುಚ್ಚಿ ಅಂಗೈಯಗಲದ ಮೆಶಿನಿನಲ್ಲಿ ಸಕ್ಕರೆ ನೋಡುವುದು, ನೂರಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನುವುದು, ಮುನ್ನೂರರ ಹತ್ತಿರ ಇದ್ದರೆ ಅಂದು ಹಗ್ಗ ಮುಟ್ಟದಿರುವುದು, ಮಲಗುವ ಮುನ್ನ ಮತ್ತೊಮ್ಮೆ ನೋಡುವುದು. ದುಡಿದ ಮೈಯಲ್ಲಿ ಸಕ್ಕರೆ ಗಂಟೆಗಟ್ಟಲೆ ಕಳೆದ ಮೇಲೂ ಇಳಿಯುತ್ತದಂತೆ. ಸೊಂಟದ ಚೀಲದಲ್ಲಿ ಟ್ಯಾಪಿಂಗ್ ಕತ್ತಿಯ ಜೊತೆ ಗ್ಲುಕೋಸ್ ಪೊಟ್ಟಣ ಕಾಯಂ ಆಯಿತು. ಕೆಲವು ತಿಂಗಳು ಮುಕ್ಕಾಲು ಕಿಲೋ ಇಳಿಯಿತು, ಒಂದು ತಿಂಗಳು ಏನೂ ಇಳಿಯಲಿಲ್ಲ. ಆ ತಿಂಗಳೂ ಅವಳು ಸೂಜಿ ಬಿಡಲಿಲ್ಲ, ಊಟ ಬಿಡಲಿಲ್ಲ. ಅವಳ ನಿಜವಾದ ಗಟ್ಟಿತನ ಆ ತಿಂಗಳಲ್ಲಿತ್ತು.

ಈ ವರ್ಷದ ಪಂದ್ಯ ಶಾಲೆಯ ಮೈದಾನದಲ್ಲಿ. ಹತ್ತು ಗಂಟೆಗೆ ಆಗಬೇಕಿದ್ದ ತೂಕ ಹನ್ನೊಂದೂವರೆಗೆ ಶುರುವಾಯಿತು. ಬೆಳಿಗ್ಗೆ ಸರಿಯಾಗಿ ತಿಂದೇ ಬಂದಿದ್ದ ವಾರಿಜಾಕ್ಷಿಗೆ ಸಾಲಿನಲ್ಲಿ ಮತ್ತೆ ಅದೇ ಬೆವರು, ಅದೇ ನಡುಕ. ಉಳಿದ ಆರು ಮಂದಿಯದ್ದು ಮುನ್ನೂರ ಐವತ್ತೆರಡು ಕಿಲೋ ಆರುನೂರು ಗ್ರಾಂ ಆಗಿತ್ತು. ಅವಳಿಗೆ ಉಳಿದದ್ದು ಅರುವತ್ತೇಳು ಕಿಲೋ ನಾನೂರು. ಅವಳೂ ಹೆಚ್ಚುಕಡಿಮೆ ಅಷ್ಟೇ ಇದ್ದಳು. ಇನ್ನು ಎರಡೇ ನಿಮಿಷ, ಹತ್ತಿ ಇಳಿದರೆ ಮುಗಿಯಿತು, ಆಮೇಲೆ ತಿಂದರಾಯಿತು ಎಂದು ಮನಸ್ಸು ಪುಸಲಾಯಿಸಿತು. ಕಳೆದ ವರ್ಷವೂ ಹೀಗೇ ಪುಸಲಾಯಿಸಿತ್ತು.

ಅವಳು ಎಲ್ಲರೆದುರೇ ಬೆರಳು ಚುಚ್ಚಿದಳು. ಸಕ್ಕರೆ ಅರುವತ್ತೆಂಟು.

"ಪೂವಕ್ಕ, ಸಕ್ಕರೆ ಇಳಿದಿದೆ. ನಾನು ತಿಂದೇ ತೂಗುದು. ತೂಕ ಹೆಚ್ಚಾದ್ರೆ ನನ್ನನ್ನು ಬಿಟ್ಟು ಬೇರೆಯವರನ್ನು ಹಾಕಿ."

ಹಾಗೆಂದು ಗ್ಲುಕೋಸ್ ನೀರು ಕುಡಿದಳು, ಬಾಳೆಹಣ್ಣು ಸುಲಿದು ಅರ್ಧ ತಿಂದು ಮೆಶಿನ್ ಹತ್ತಿದಳು. ಅರುವತ್ತೇಳು ಕಿಲೋ ಆರುನೂರು. ಇನ್ನೂರು ಗ್ರಾಂ ಜಾಸ್ತಿ.

ತೂಕ ನೋಡುತ್ತಿದ್ದ ವಿಷ್ಣುಪ್ರಸಾದ್ ಮಾಸ್ಟ್ರು ಗಡಿಯಾರ ನೋಡಿದರು. "ಕಾಲು ಗಂಟೆ ಕೊಡ್ತೇನೆ. ಎಲ್ಲರನ್ನೂ ಮತ್ತೊಮ್ಮೆ ತೂಗುದು. ಆಮೇಲೆ ಆಗುದಿಲ್ಲ."

ವಾರಿಜಾಕ್ಷಿ ಜಾಗ ಬಿಟ್ಟುಕೊಡಲೆಂದು ಸಾಲಿನಿಂದ ಹೊರಟಳು. ಪೂವಮ್ಮ ಅವಳ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

"ನೀನು ಒಂದು ವರ್ಷ ಬೆವರು ಸುರಿಸಿದ್ದು ಸಾಕು. ಆ ಹಣ್ಣು ಪೂರ್ತಿ ತಿನ್ನು," ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬನ್ನಿ ನೀವೆಲ್ಲ. ಇನ್ನೂರು ಗ್ರಾಂ ನಾವು ಇಳಿಸುವ."

ಆರು ಹೆಂಗಸರು ಉರಿಬಿಸಿಲಲ್ಲಿ ಮೈದಾನ ಸುತ್ತತೊಡಗಿದರು. ಬಳೆ ಬಿಚ್ಚಿಟ್ಟರು, ಹೇರ್‌ಪಿನ್ನೂ ಕಿತ್ತಿಟ್ಟರು. ಜನ ನಕ್ಕರು, ಸೀಟಿ ಹೊಡೆದರು. ಪ್ರತಿ ಸುತ್ತಿಗೂ ಕುರ್ಚಿಯ ಹತ್ತಿರ ಬಂದಾಗ ಪೂವಮ್ಮ ಏದುಸಿರು ಬಿಡುತ್ತ "ತಿಂದಾಯ್ತಾ?" ಎಂದು ಕೇಳುತ್ತಿದ್ದಳು. ವಾರಿಜಾಕ್ಷಿ ಅಳುತ್ತಲೇ ತಿಂದಳು.

ಕಾಲು ಗಂಟೆಯ ಬಳಿಕ ಏಳೂ ಮಂದಿಯನ್ನು ತೂಗಿದರು. ಮಾಸ್ಟ್ರು ಕೂಡಿಸಿ, ಮತ್ತೊಮ್ಮೆ ಕೂಡಿಸಿ, ತಲೆಯಾಡಿಸಿದರು. "ನಾನೂರ ಹತ್ತೊಂಬತ್ತು ಕಿಲೋ ಒಂಬೈನೂರು. ಪಾಸ್."

ಕುಣಿಯಲು ಹೊರಟವರನ್ನು ಪೂವಮ್ಮ ಕೈ ಎತ್ತಿ ತಡೆದಳು. "ನಿಲ್ಲಿ. ಅದು ಅವರ ಮೆಶಿನ್. ವಾರಿಜ, ನಿನ್ನ ಮೆಶಿನ್ ಎಂತ ಹೇಳ್ತದೆ?"

ವಾರಿಜಾಕ್ಷಿ ಬೆರಳು ಚುಚ್ಚಿದಳು. ಆರು ತಲೆಗಳು ಅವಳ ಅಂಗೈ ಮೇಲೆ ಬಗ್ಗಿದವು.

"ನೂರ ಹದಿನೆಂಟು."

"ಹಾಗಾದ್ರೆ ಹಗ್ಗ ಹಿಡಿ," ಎಂದಳು ಪೂವಮ್ಮ.