ಅಜ್ಜಿ ಮಾತಿಗೆ ಕೆಂಪು ಗೀಟು

ಸ್ನೇಹಿತರೇ, ಇವತ್ತು ನಮ್ಮ ಕಾಲೇಜಲ್ಲಿ ಒಬ್ಬ ಅಜ್ಜಿಯ ಮಾತನ್ನ ಕೆಂಪು ಪೆನ್ನಲ್ಲಿ ಹೊಡೆದು ಹಾಕಿದರು.

ನನ್ನ ಬಿ.ಎ. ವಿದ್ಯಾರ್ಥಿನಿ, ಕೊಕ್ಕರೆ ಬೆಳ್ಳೂರಿನ ಸವಿತಾ, ಪ್ರಾಜೆಕ್ಟಿಗೆ ಬ್ಲಾಗ್ ಬರೆದಿದ್ದಳು. ಮನೆ ಮುಂದಿನ ಹುಣಸೆಮರದ ಕೊಕ್ಕರೆಗಳ ಬಗ್ಗೆ, ಅವಳಜ್ಜಿ ಹೇಳಿದ ಕಥೆಗಳ ಆಡಿಯೋ ಸಮೇತ. ಪರೀಕ್ಷಕರು "ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸ್ಕೊಂಡು ಬಾ" ಅಂದರು. ಈ ಪೇಪರಿನ ಹೆಸರೇ 'ಡಿಜಿಟಲ್ ಬರವಣಿಗೆ'!

ತಂದಳು. ಆಡಿಯೋ ಇದ್ದ ಕಡೆಯೆಲ್ಲ ಬರೀ ಚೌಕ.

"ಇದ್ಯಾಕಮ್ಮ ಖಾಲಿ ಬಿಟ್ಟಿದ್ದೀಯ?"

"ಅಲ್ಲಿ ನಮ್ಮಜ್ಜಿ ಮಾತಾಡ್ತದೆ ಸಾ. ಫೋನಲ್ಲಿ ಒತ್ತುದ್ರೆ ಕೇಳುಸ್ತದೆ."

"ಖಾಲಿ ಜಾಗ ಬಿಡೋ ಹಾಗಿಲ್ಲ" ಅಂತ, ಉತ್ತರಪತ್ರಿಕೆಯ ಖಾಲಿ ಹಾಳೆಗೆ ಹೊಡೆಯೋ ಹಾಗೆ ಒಂದೊಂದು ಚೌಕಕ್ಕೂ ಅಡ್ಡಗೀಟು ಎಳೆದು ಸಹಿ ಹಾಕಿದರು. ಐದು ಅಂಕ ಕಟ್. ನಾನು ಫೋನ್ ಹಿಡಿದು, "ಒಂದು ನಿಮಿಷ ಕೇಳಿ ಸಾರ್" ಅಂದೆ.

"ಕೇಳೋಕೆ ನಿಯಮದಲ್ಲಿ ಅವಕಾಶ ಇಲ್ಲ ಮೇಡಂ."

ಸವಿತಾ ಹೊರಗೆ ಬಂದು ಅಜ್ಜಿಗೆ ಫೋನ್ ಮಾಡಿ, ಗೀಟು, ಸಹಿ ಎಲ್ಲ ಹೇಳ್ಕೊಂಡು ಅತ್ತಳು. ಪಕ್ಕದಲ್ಲಿದ್ದ ನನಗೂ ಅಜ್ಜಿಯ ದನಿ ಕೇಳಿಸಿತು: "ಅಳ್ಬ್ಯಾಡ ಬುಡವ್ವ. ಆವಯ್ಯನ್ನ ಒಂದ್ಸಲ ಕರ್ಕಂಬಂದು ನಮ್ಮ ಉಣ್ಸೆಮರದ ಕೆಳಗೆ ನಿಲ್ಸು. ಕೊಕ್ಕರೆಗಳು ಮೇಲಿಂದ್ಲೇ ಸೈನು ಆಕ್ತವೆ."