ಹಗ್ಗದಂಗಡಿ ಅಜ್ಜ ಕೇಳಿದ ತಿಂಗಳು

ಅಜ್ಜನ ಬಲಗೈ ತೋರುಬೆರಳಿಗೆ ಉಗುರು ಅರ್ಧವೇ ಇತ್ತು. ಅರವತ್ತು ವರ್ಷ ಹಗ್ಗದ ಗಂಟು ಬಿಗಿದು, ಬಿಗಿದ ಗಂಟು ಬಿಚ್ಚಿ ಸವೆದುಹೋದ ಉಗುರು. ಆ ಬೆರಳನ್ನು ಪೇಪರಿನ ಬಲತುದಿಗೆ ಇಟ್ಟು, ಮೆಲ್ಲಗೆ ಎಡಕ್ಕೆ ಸರಿಸುತ್ತ ಉರ್ದು ಓದುತ್ತಿದ್ದ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ತೊಡೆಯ ಮೇಲೆ ಹೈದರಾಬಾದಿನಿಂದ ಒಂದು ದಿನ ತಡವಾಗಿ ಬರುವ ಉರ್ದು ಪೇಪರು. ಮೊದಲ ಸಲ ಅದನ್ನು ಕಂಡಾಗ ನಾನು ಹಗ್ಗ ಕೇಳುವುದನ್ನೇ ಮರೆತು ನೋಡುತ್ತ ನಿಂತಿದ್ದೆ.

ರಂಗಂಪೇಟೆಯ ನನ್ನ ಸೋದರತ್ತೆಯ ಮನೆಯ ಎದುರಿಗೇ ಆ ಅಂಗಡಿ. ಹಗ್ಗ, ಮೂಗುದಾರ, ಕುರಿ ಗಂಟೆ, ಕಂಬಳಿ ಮಾರುತ್ತಿದ್ದ. ಬಳಿಚಕ್ರದ ನಮ್ಮದು ಕುರಿ ಸಾಕುವ ಮನೆತನ. ಅಪ್ಪ ಈ ಕಡೆ ಬಂದಾಗಲೆಲ್ಲ ಹಗ್ಗ ಒಯ್ಯುತ್ತಿದ್ದದ್ದು ಅಲ್ಲಿಂದಲೇ. ಸುರಪುರದ ಕಾಲೇಜಿನಲ್ಲಿ ಇತಿಹಾಸ ಎಂ.ಎ.ಗೆ ಸೀಟು ಸಿಕ್ಕಾಗ ನಾನು ಅತ್ತೆಯ ಮನೆಯಲ್ಲಿ ಉಳಿದೆ. ನಮ್ಮ ಮನೆತನದಲ್ಲಿ ಎಂ.ಎ.ವರೆಗೆ ಬಂದವಳು ನಾನೇ ಮೊದಲು. ಅದನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದೆ, ಅವರು ಕೇಳದಿದ್ದರೂ. ಅದನ್ನು ಕಂಡೇ ಅಜ್ಜ ನನಗೆ 'ಎಂ.ಎ. ಬಾಯಿ' ಎಂದು ಹೆಸರಿಟ್ಟಿದ್ದ.

ಎರಡನೇ ವರ್ಷ ಕಿರುಪ್ರಬಂಧ ಬರೆಯಬೇಕಿತ್ತು. ಎಲ್ಲರೂ ಕೋಟೆ, ಗುಡಿ ಎಂದು ವಿಷಯ ಹೇಳುತ್ತಿದ್ದಾಗ ನಾನು ಎದ್ದು ನಿಂತು, ನಿಜಾಮರ ಕಾಲದಲ್ಲಿ ಕುರಿ ಮೇಯಿಸುವ ಪರವಾನಗಿಗಳ ಮೇಲೆ ಬರೆಯುತ್ತೇನೆ ಎಂದೆ. ನಮ್ಮ ಮನೆಯ ಟ್ರಂಕಿನಲ್ಲಿ ಕಂಬಳಿ ತುಂಡಿನಲ್ಲಿ ಸುತ್ತಿಟ್ಟ ಏಳು ಉರ್ದು ಕಾಗದಗಳಿದ್ದವು. ಮೂರು ತಲೆಮಾರು ಅವಕ್ಕೆ ದಸರೆಗೆ ಕುಂಕುಮ ಹಚ್ಚಿತ್ತೇ ಹೊರತು ಯಾರೂ ಓದಿರಲಿಲ್ಲ. ಓದುವವರು ಯಾರು ಎಂದು ಗೈಡ್ ಸರ್ ಕೇಳಿದರು. ನಾನೇ ಸರ್ ಎಂದುಬಿಟ್ಟೆ. ಆಗ ನನಗೆ ಉರ್ದುವಿನ ಒಂದಕ್ಷರವೂ ಬರುತ್ತಿರಲಿಲ್ಲ.

ಸಂಜೆ ಕಾಗದಗಳ ಫೋಟೋ ಹಿಡಿದು ಅಂಗಡಿಗೆ ಓಡಿದೆ. ಅಜ್ಜ ಸುರಪುರದ ಸಾಲೆಯಲ್ಲಿ ಉರ್ದುವಿನಲ್ಲೇ ಕಲಿತವ. ಸುತ್ತಲ ಊರುಗಳಲ್ಲಿ ಯಾರ ಮನೆಯಲ್ಲಿ ಹಳೆಯ ಹೊಲದ ಕಾಗದ ಹೊರಬಿದ್ದರೂ ಅದು ಆತನ ಹತ್ತಿರ ಬರುತ್ತಿತ್ತು, ಆತ ಓದಿ ಹೇಳುತ್ತಿದ್ದ. ನನಗೂ ಹಾಗೆಯೇ ಓದಿ ಹೇಳುತ್ತಾನೆ, ನಾನು ಬರೆದುಕೊಂಡರಾಯಿತು ಎಂಬುದು ನನ್ನ ಲೆಕ್ಕ. ಆತ ಫೋಟೋ ನೋಡಿ ಮೊಬೈಲು ವಾಪಸು ಕೊಟ್ಟ.

"ಓದಿ ಹೇಳೂದಿಲ್ಲ. ಓದಾಕ ಕಲಸ್ತೀನಿ. ಬೇಕಂದ್ರ ಕೂಡು."

ಕೂತೆ. ಆತ ಕಲಿಸುವ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ತೆಳ್ಳನೆಯ ನೂಲಿನ ಹುರಿ ಕತ್ತರಿಸಿ ಚಾಪೆಯ ಮೇಲೆ ಇಡುತ್ತಿದ್ದ. ನೆಟ್ಟಗಿಟ್ಟರೆ ಅಲಿಫ್, ಬಗ್ಗಿಸಿದರೆ ಬೇ. ಚುಕ್ಕೆಗಳಿಗೆ ಹುಣಸೆ ಬೀಜ. ಒಂದು ಅಕ್ಷರ ಇನ್ನೊಂದರ ಕೈ ಹಿಡಿದಾಗ ಹೇಗೆ ಮೈ ಬದಲಿಸುತ್ತದೆ ಎಂದು ಹುರಿಯನ್ನು ಎಳೆದು ತೋರಿಸುತ್ತಿದ್ದ. ಕಚೇರಿಯ ಗುಮಾಸ್ತರು ಅವಸರದಲ್ಲಿ ಗೀಚಿದ ಬರಹವಂತೂ ಸಿಕ್ಕುಗಟ್ಟಿದ ಹಗ್ಗವೇ. ನಾನು ನಡುವೆ ಕೈ ಹಾಕಿ ಎಳೆಯುವವಳು. ತುದಿ ಹುಡುಕು, ತುದಿ ಹುಡುಕು ಎಂದು ಬೆರಳಿನ ಗಿಣ್ಣಿಗೆ ಹೊಡೆಯುತ್ತಿದ್ದ. ಅತ್ತೆ ಬಾಗಿಲಲ್ಲಿ ನಿಂತು, ಎಂ.ಎ. ಓದುವ ಹುಡುಗಿ ಅಂಗಡಿಯಲ್ಲಿ ಹುಣಸೆ ಬೀಜ ಆಡಾಕತ್ತಾಳ ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪರವಾನಗಿ ಕಾಗದದ ಮೂರನೇ ಸಾಲಿನಲ್ಲಿ ಮೀಮ್, ಲಾಮ್, ವಾವ್ ಸಿಕ್ಕವು. ಮಲ್ಲವ್ವ. ನನ್ನ ಮುತ್ತಜ್ಜಿ. ಪರವಾನಗಿ ಆಕೆಯ ಹೆಸರಿನಲ್ಲಿತ್ತು. ಕೆಳಗಿದ್ದ ವರ್ಷವನ್ನು ಓದಿದೆ. ಹಿಂದಿದ್ದ ತಿಂಗಳು ಮಸಿ ಹರಡಿ ಓದಲಾಗಲಿಲ್ಲ, ವರ್ಷ ಸಿಕ್ಕಿತಲ್ಲ ಎಂದು ಬಿಟ್ಟೆ. ನಮ್ಮ ಪಠ್ಯಪುಸ್ತಕದ ಕೊನೆಯಲ್ಲಿ ಹಿಜರಿ ವರ್ಷವನ್ನು ಇಸವಿಗೆ ತಿರುಗಿಸುವ ಪಟ್ಟಿ ಇತ್ತು. ತಿರುಗಿಸಿದೆ. ಬಳಿಚಕ್ರದ ನಮ್ಮ ಹೊಲದಲ್ಲಿ ಮುತ್ತಜ್ಜನ ಸಮಾಧಿಯ ಕಲ್ಲಿನ ಮೇಲೆ ಆತ ತೀರಿದ ವರ್ಷ ಕೆತ್ತಿದೆ. ಪರವಾನಗಿ ಅದಕ್ಕಿಂತ ಆರು ವರ್ಷ ಹಳೆಯದು. ಅಂದರೆ ಗಂಡ ಬದುಕಿರುವಾಗಲೇ ನಮ್ಮ ಮುತ್ತಜ್ಜಿ ತನ್ನ ಹೆಸರಿನಲ್ಲಿ ಪರವಾನಗಿ ಪಡೆದಿದ್ದಳು. ಕುರಿ ಕಾಯುವ ಹೆಣ್ಣುಮಕ್ಕಳೇ ಹಿಂಡಿನ ಯಜಮಾನಿಯರಾಗಿದ್ದರು ಎಂದು ಒಂದು ಇಡೀ ಅಧ್ಯಾಯ ಬರೆದೆ. ಗೈಡ್ ಸರ್ ಅದನ್ನು ತರಗತಿಯಲ್ಲಿ ಓದಿಸಿದರು, ಸೆಮಿನಾರಿಗೆ ಕಳಿಸೋಣ ಎಂದರು. ಆ ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಸಲ್ಲಿಸಲು ಹತ್ತು ದಿನವಿದ್ದಾಗ ಅಜ್ಜನಿಗೆ ಅಧ್ಯಾಯವನ್ನು ಓದಿ ತೋರಿಸಲು ಹೋದೆ. ಮೆಚ್ಚುಗೆಗಾಗಿ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಎಲ್ಲ ಕೇಳಿದ ಮೇಲೆ ಆತ ಒಂದೇ ಮಾತು ಕೇಳಿದ: ತಿಂಗಳು ಯಾವುದು? ಓದಲಾಗಲಿಲ್ಲ ಎಂದೆ. ಊರಿನಿಂದ ನಾನು ತಂದಿಟ್ಟುಕೊಂಡಿದ್ದ ಮೂಲ ಕಾಗದವನ್ನೇ ತರಿಸಿ, ಬಾಗಿಲ ಬೆಳಕಿಗೆ ಹಿಡಿದು, ಅರ್ಧ ಉಗುರಿನ ಬೆರಳನ್ನು ಮಸಿಯ ಮೇಲೆ ಆಡಿಸಿದ.

"ಆಜೂರ್ ಅದ. ಹಿಜರಿಯೊಳಗ ಈ ತಿಂಗಳೇ ಇಲ್ಲ. ಇದು ಹಿಜರಿ ಅಲ್ಲವ್ವಾ, ಫಸಲಿ. ಹಿಜರಿ ಚಂದ್ರನ ವರ್ಷ, ಫಸಲಿ ಬೆಳಿ ವರ್ಷ. ಆಜೂರ್ ಅಂದ್ರ ಹಿಂಗಾರಿ ಜೋಳ ಬಿತ್ತೂ ಹೊತ್ತು. ಕಂದಾಯ ಕಚೇರಿಯವರು ಬೆಳಿ ನೋಡಿ ಬರೀತಿದ್ರು, ಚಂದ್ರನ್ನ ನೋಡಿ ಅಲ್ಲ."

ಆಜೂರಿನ ಕಾಗದಕ್ಕೆ ಐನೂರ ತೊಂಬತ್ತು ಕೂಡಿಸು ಎಂದ. ಕೂಡಿಸಿದೆ. ಒಂಬತ್ತು ವರ್ಷ ಮುಂದೆ ಹೋಯಿತು. ಮುತ್ತಜ್ಜ ಸತ್ತು ಮೂರು ವರ್ಷವಾದ ಮೇಲಿನ ಕಾಗದ ಅದು. ಮುತ್ತಜ್ಜಿ ಯಜಮಾನಿಯಲ್ಲ, ವಿಧವೆ. ಗಂಡನ ಪರವಾನಗಿ ಆಕೆಯ ಹೆಸರಿಗೆ ಬಂದಿತ್ತು, ಅಷ್ಟೇ. ನನ್ನ ಅಧ್ಯಾಯ ಅಲ್ಲೇ ಚಾಪೆಯ ಮೇಲೆ ಕುಸಿದು ಬಿತ್ತು.

ನನಗೆ ಸಿಟ್ಟು ಬಂತು. ಅಜ್ಜನ ಮೇಲೆ. ನಮ್ಮ ಕಾಲೇಜಿನಲ್ಲಿ ಯಾರಿಗೂ ಈ ಅಕ್ಷರ ಬರುವುದಿಲ್ಲ, ಪರೀಕ್ಷಕರಿಗೂ ಬರುವುದಿಲ್ಲ, ಹೀಗೇ ಸಲ್ಲಿಸಿದರೆ ಯಾರಿಗೆ ತಿಳಿಯುತ್ತದೆ ಎಂದು ಕೇಳಿಯೇಬಿಟ್ಟೆ. ಮುತ್ತಜ್ಜಿಗೆ ಒಂದಿಷ್ಟು ಗೌರವ ಸಿಕ್ಕರೆ ನಿಮ್ಮ ಗಂಟೇನು ಹೋಗುತ್ತದೆ ಎಂದೂ ಅಂದೆ. ಆತ ಬೈಯಲಿಲ್ಲ. ಹುರಿಯ ತುಂಡುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ.

"ನಾ ಯಾರಿಗೂ ಹೇಳೂದಿಲ್ಲ. ಈಗ ನನಗ ಗೊತ್ತದ, ನಿನಗ ಗೊತ್ತದ. ನಾ ಹೋದ ಮ್ಯಾಲ ನಿನಗೊಬ್ಬಾಕಿಗೇ ಗೊತ್ತಿರ್ತದ. ಹೊರಾಕ ಆಗ್ತದೇನು ನೋಡು. ಮತ್ತ, ಸುಳ್ಳು ಗೌರವ ಕೊಡಬ್ಯಾಡ ಆಕಿಗಿ. ಖರೆ ಏನದ ಅದು ಸಾಕಾಗ್ತದ."

ಎರಡು ದಿನ ಅಂಗಡಿಯ ಕಡೆ ಮುಖ ಹಾಕಲಿಲ್ಲ. ಮೂರನೇ ದಿನ ಗೈಡ್ ಸರ್ ಮುಂದೆ ನಿಂತು, ನನ್ನ ವರ್ಷಗಳೆಲ್ಲ ತಪ್ಪಾಗಿವೆ ಸರ್ ಎಂದು ಹೇಳಿದೆ. ಇನ್ನೂ ಒಂದು ವಾರವಿದೆ, ತಿದ್ದಿ ತಾ ಎಂದರು.

ಮನೆಗೆ ಬಂದು ಏಳೂ ಕಾಗದಗಳ ವರ್ಷವನ್ನು ಹೊಸದಾಗಿ ಕೂಡಿಸುತ್ತ ಕೂತೆ. ಅವುಗಳಲ್ಲಿ ಒಂದು ಅರ್ಜಿಯನ್ನು ನಾನು ಬದಿಗಿಟ್ಟಿದ್ದೆ. ಮುತ್ತಜ್ಜನ ತಮ್ಮನ ಹೆಸರಿನವನೊಬ್ಬ ಬರೆದದ್ದು. ಅದರಲ್ಲಿ ತೀರಿಹೋದ ಅಣ್ಣ ಎಂಬ ಮಾತಿತ್ತು. ನನ್ನ ಹಳೆಯ ಲೆಕ್ಕದಲ್ಲಿ ಅಣ್ಣ ಇನ್ನೂ ಬದುಕಿದ್ದನಲ್ಲ, ಹಾಗಾಗಿ ಬೇರೆ ಯಾರದೋ ಮನೆಯದು ಎಂದುಕೊಂಡಿದ್ದೆ. ಈಗ ಮತ್ತೆ ಓದಿದೆ, ತುದಿ ಹುಡುಕಿ. ಅಣ್ಣ ತೀರಿದ್ದಾನೆ, ಹೆಂಗಸು ಹಿಂಡು ಕಟ್ಟಿಕೊಂಡು ಅಡವಿಗೆ ಹೋಗುವುದು ಆಗದ ಮಾತು, ಪರವಾನಗಿ ನನಗೆ ಕೊಡಿಸಿ ಎಂದು ಮೈದುನ ಬೇಡಿದ್ದ. ಕೆಳಗೆ ಬೇರೆ ಕೈಬರಹದಲ್ಲಿ ತಹಶೀಲ್ದಾರರ ಹುಕುಂ: ವಿಚಾರಿಸಲಾಗಿ ಮೂರು ವರ್ಷದಿಂದ ಹಿಂಡು ಒಯ್ಯುತ್ತಿರುವವಳು ಆಕೆಯೇ, ಪರವಾನಗಿ ಆಕೆಯ ಹೆಸರಿಗೇ ಆಗಲಿ.

ಚಪ್ಪಲಿ ಇಲ್ಲದೆ ರಸ್ತೆ ದಾಟಿದೆ. ಅಜ್ಜ ವಡಗೇರಾದ ಕುರಿಗಾರನೊಬ್ಬನಿಗೆ ಮಾರು ಹಾಕಿ ಹಗ್ಗ ಅಳೆಯುತ್ತಿದ್ದ. ಕೈ ಚಾಚಿದ್ದವನು ಹಾಗೇ ನಿಂತ, ನಾನು ಬಲದಿಂದ ಎಡಕ್ಕೆ ಪೂರ್ತಿ ಓದಿದೆ, ಎಲ್ಲೂ ತಡವರಿಸಲಿಲ್ಲ. ಏನಾತ್ರಿ ಎಂದು ಕುರಿಗಾರ ಕೇಳಿದ.

"ಇವರ ಮುತ್ತಜ್ಜಿ ಗೆದ್ದಾಳ," ಎಂದ ಅಜ್ಜ.

"ಯಾವಾಗ್ರಿ?"

"ಈಗ."

ಆ ಸಂತೋಷವನ್ನು ನಾನು ಎಷ್ಟು ಸಲ ನೆನೆದರೂ ಅದು ಹಳತಾಗುವುದಿಲ್ಲ. ಅಧ್ಯಾಯವನ್ನು ಆರು ದಿನದಲ್ಲಿ ಹೊಸದಾಗಿ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ನನ್ನ ಹಳೆಯ ತಪ್ಪನ್ನು ಯಾರೂ ಕೇಳುವ ಮೊದಲೇ ನಾನೇ ಹೇಳಿದೆ. ಈಗ ಶಹಾಪುರದಲ್ಲಿ ಅತಿಥಿ ಉಪನ್ಯಾಸಕಿ. ಮಕ್ಕಳಿಗೆ ಇಸವಿ ಹೇಳುವ ಮೊದಲು ಆಗ ಹೊಲದಲ್ಲಿ ಏನು ಬೆಳೆದಿತ್ತು ಎಂದು ಕೇಳುವುದು ನನ್ನ ಚಟ.

ಹೋದ ವರ್ಷ ಶ್ರಾವಣದಲ್ಲಿ ಅಜ್ಜ ತೀರಿಕೊಂಡ. ಸುದ್ದಿ ತಿಳಿದು ಶಹಾಪುರದಿಂದ ಬಸ್ಸು ಹತ್ತಿ ಹೋದಾಗ ಅಂಗಡಿಯ ಕಟ್ಟೆಯ ಮೇಲೆ ಆತನ ಮಗ ಫ್ಲೆಕ್ಸ್ ಮಾಡುವವನ ಜೊತೆ ಫೋನಿನಲ್ಲಿದ್ದ. ಅಪ್ಪನ ವಯಸ್ಸು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತೊಂಬತ್ತೈದು ಅಂತ ಹಾಕಿಬಿಡು, ಭಾರಿ ಕಾಣ್ತದ ಎನ್ನುತ್ತಿದ್ದ. ಸ್ವಲ್ಪ ತಡೀರಿ ಅಣ್ಣಾರ ಎಂದು ಒಳಗೆ ಹೋಗಿ ಅಜ್ಜನ ಪೆಟ್ಟಿಗೆ ತೆರೆಸಿದೆ. ಹುಣಸೆ ಬೀಜದ ಡಬ್ಬಿಯ ಕೆಳಗೆ ಉರ್ದುವಿನಲ್ಲಿ ಬರೆದ ಸಾಲೆಯ ದಾಖಲೆ ಇತ್ತು, ಅದರಲ್ಲಿ ಅಜ್ಜ ಹುಟ್ಟಿದ ತಾರೀಖು. ವರ್ಷವನ್ನು ಬೆರಳಿನಿಂದ ಮುಚ್ಚಿ ಮೊದಲು ತಿಂಗಳು ಓದಿದೆ. ಆಜೂರ್. ಸಾವಿನ ಮನೆ ಎಂಬುದನ್ನೂ ಮರೆತು ನಕ್ಕುಬಿಟ್ಟೆ, ಆಮೇಲೆ ಅಳು ಬಂತು. ಐನೂರ ತೊಂಬತ್ತು ಕೂಡಿಸಿ ಮಗನಿಗೆ ಹೇಳಿದೆ.

ಓಣಿಯವರು ಈಗಲೂ ಅಜ್ಜ ತೊಂಬತ್ತೈದು ವರ್ಷ ಬಾಳಿದ ಎನ್ನುತ್ತಾರೆ. ನಾನು ಪ್ರತಿ ಸಲವೂ ತಡೆದು ಹೇಳುತ್ತೇನೆ: ಎಂಬತ್ತೊಂಬತ್ತು ವರ್ಷ, ಹತ್ತು ತಿಂಗಳು. ಖರೆ ಏನಿದೆಯೋ ಅದು ಅಜ್ಜನಿಗೂ ಸಾಕು.